ಡಿ3500 ಇನ್ನೂ ಸಾಕೇ?

ಫ್ಲೆಮಿಂಗೋ ಕಾಲ ಬಂತೆಂದರೆ ಸಾನಪಾಡಾ, ನೆರೂಳ್ ಕಡೆಯ ನಮ್ಮವರಲ್ಲಿ ಕ್ಯಾಮೆರಾ ಬದಲಿಸುವ ಮಾತು ಶುರು. 2018ರ ನಿಕಾನ್ ಡಿ3500 ಸಾಕೇ, 2024ರ ಮಿರರ್‌ಲೆಸ್ ಝೆಡ್50-2 ಬೇಕೇ?

ಹಾರುವ ಹಕ್ಕಿಗೆ ಹೊಸದೇ ಸರಿ. ಹಳೆಯದರಲ್ಲಿ 11 ಫೋಕಸ್ ಬಿಂದು, ಸೆಕೆಂಡಿಗೆ 5 ಚಿತ್ರ. ಹೊಸದು ಹಕ್ಕಿಯನ್ನು ತಾನೇ ಗುರುತಿಸಿ ಹಿಂಬಾಲಿಸುತ್ತದೆ. ಸೆಕೆಂಡಿಗೆ 11 ಚಿತ್ರ.

ನಿಂತು ಮೇಯುವ ಹಕ್ಕಿಗೆ ಹಳೆಯದು ಧಾರಾಳ ಸಾಕು. ಮೆಗಾಪಿಕ್ಸೆಲ್ ಅದರಲ್ಲೇ ಹೆಚ್ಚು: 24.2. ಹೊಸದರಲ್ಲಿ 20.9. ಕನ್ನಡಿಯಿಂದ ಬೆಳಕು ನೇರ ಕಣ್ಣಿಗೆ ಬರುವುದರಿಂದ ಬ್ಯಾಟರಿ ಖರ್ಚೂ ಕಡಿಮೆ; ಕಂಪನಿ ಲೆಕ್ಕದಲ್ಲಿ ಒಂದು ಚಾರ್ಜಿಗೆ 1550 ಚಿತ್ರ. ಮಿರರ್‌ಲೆಸ್‌ನಲ್ಲಿ ಸೆನ್ಸರ್, ಪರದೆ ಸದಾ ಚಾಲೂ ಇರಬೇಕು; ಜೇಬಲ್ಲಿ ಇನ್ನೊಂದು ಬ್ಯಾಟರಿ ಇರಲಿ.

ದುಡ್ಡು ಸೀಮಿತವಾದರೆ ಮೊದಲು ಲೆನ್ಸ್ ಕೊಳ್ಳಿ. ಇಂದಿನ ಎಎಫ್-ಪಿ 70-300 ನಾಳೆ ಎಫ್‌ಟಿಝೆಡ್ ಅಡಾಪ್ಟರ್ ಹಾಕಿದರೆ ಹೊಸ ಬಾಡಿಗೂ ಕೂರುತ್ತದೆ. ಭರತಿಯ ವೇಳೆಯನ್ನೂ ನೋಡಿಕೊಳ್ಳಿ. ಠಾಣೆ ಖಾಡಿಯಲ್ಲಿ ನೀರು ಏರಿದಾಗ ಹಕ್ಕಿಗಳು ನೆರೂಳಿನ ಜೌಗುಗಳಿಗೆ, ನಮ್ಮ ಹತ್ತಿರಕ್ಕೇ ಬರುತ್ತವೆ. ಆ ಹೊತ್ತಿಗೆ ಅಲ್ಲಿದ್ದವರಿಗೆ ಡಿ3500 ಕೂಡ ಒಳ್ಳೆಯ ಚಿತ್ರ ಕೊಡುತ್ತದೆ.