ಅಪ್ಪ ಕಾಯುವ ಹೊತ್ತು

ನನ್ನ ಪಿಎಚ್‌ಡಿ ವಿಷಯ ಏನೆಂದು ಅಪ್ಪನಿಗೆ ಮೊದಲ ಸಲ ಬಿಡಿಸಿ ಹೇಳಿದ್ದು ಅವನ ಆಟೋದಲ್ಲಿ ಕೂತು. ಬೆಂಗಳೂರಿನ ಮಧ್ಯಾಹ್ನ, ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತ ಆಟೋಗಳು.

"ಒಂದು ಕಡೆ ನೀನು, ಇನ್ನೊಂದು ಕಡೆ ಪ್ಯಾಸೆಂಜರ್, ಮಧ್ಯೆ ಆ್ಯಪ್. ಎರಡೂ ಕಡೆಯವರನ್ನ ಹೇಗೆ ಸರಿದೂಗಿಸೋದು ಅಂತ ಓದ್ತಿದೀನಪ್ಪ."

"ಅದಕ್ಕೆ ಐದು ವರ್ಷ ಬೇಕೇನಮ್ಮ?" ಅಂತ ನಕ್ಕ.

ಆಟೋಗಳಿಲ್ಲದ ಆ್ಯಪನ್ನು ಪ್ಯಾಸೆಂಜರ್ ತೆರೆಯುವುದಿಲ್ಲ, ಪ್ಯಾಸೆಂಜರ್ ಇಲ್ಲದ ಆ್ಯಪಿಗೆ ಡ್ರೈವರ್ ಬರುವುದಿಲ್ಲ. ಇಂಥ ಮಾರುಕಟ್ಟೆಯಲ್ಲಿ ಒಟ್ಟು ಬೆಲೆಯಷ್ಟೇ ಅಲ್ಲ, ಯಾವ ಬದಿಯಿಂದ ಎಷ್ಟು ವಸೂಲು ಮಾಡುತ್ತೀರಿ ಎನ್ನುವುದೂ ಮುಖ್ಯ ಎಂದು ರೋಶೆ ಮತ್ತು ಟಿರೋಲ್ 2003ರಲ್ಲೇ ತೋರಿಸಿದ್ದರು. ಹಾಗಾಗಿ ಶುರುವಿನಲ್ಲಿ ಒಂದು ಬದಿಗೆ ಕೈಯಿಂದ ದುಡ್ಡು ಕೊಟ್ಟಾದರೂ ಕರೆತರುತ್ತಾರೆ.

ಅಪ್ಪನಿಗೆ ಈ ಸಿದ್ಧಾಂತ ಗೊತ್ತಿತ್ತು, 'ಇನ್ಸೆಂಟಿವ್' ಎಂಬ ಹೆಸರಿನಲ್ಲಿ. ಆ ದುಡ್ಡು ನಂಬಿ ಸಾಲ ಮಾಡಿ ಹೊಸ ಆಟೋ ತಂದಿದ್ದ. ಡ್ರೈವರುಗಳು ಸಾಕಷ್ಟು ಸೇರಿದ ಮೇಲೆ ಇನ್ಸೆಂಟಿವ್ ಕರಗಿತು. ಸಾಲದ ಕಂತು ಮಾತ್ರ ಹಾಗೇ ಉಳಿಯಿತು.

2022ರಲ್ಲಿ ಬೆಂಗಳೂರಿನಲ್ಲಿ 'ನಮ್ಮ ಯಾತ್ರಿ' ಬಂತು. ಕಮಿಷನ್ ಇಲ್ಲ, ಆಮೇಲೆ ಡ್ರೈವರುಗಳಿಂದ ಸಣ್ಣದೊಂದು ಶುಲ್ಕ ತೆಗೆದುಕೊಳ್ಳತೊಡಗಿತು. ಬಾಡಿಗೆ ಪೂರ್ತಿ ಕೈಗೆ ಬರುತ್ತದೆಂದು ಅಪ್ಪ ಖುಷಿಪಟ್ಟ. "ಆದ್ರೆ ಕಾಯೋದು ತಪ್ಪಿಲ್ಲ ನೋಡು" ಎಂದು ಮುಂದೆ ನಿಂತಿದ್ದ ಆಟೋಗಳತ್ತ ಕೈ ತೋರಿಸಿದ.

ನಾನು ಸುಮ್ಮನಾದೆ. ಡ್ರೈವರುಗಳು ಹೆಚ್ಚಿದಷ್ಟೂ ಪ್ಯಾಸೆಂಜರ್ ಕಾಯುವ ಸಮಯ ಇಳಿಯುತ್ತದೆ, ಸೇವೆ ಸುಧಾರಿಸುತ್ತದೆ ಎಂದು ಮೂರನೇ ಅಧ್ಯಾಯದಲ್ಲಿ ಬರೆದಿದ್ದೆ. ಗ್ರಾಫ್ ಚೆನ್ನಾಗಿಯೇ ಬಂದಿತ್ತು. ಆದರೆ ಯಾರಿಗೋ ಎರಡೇ ನಿಮಿಷದಲ್ಲಿ ಆಟೋ ಸಿಗಬೇಕಾದರೆ ಹತ್ತಿರದಲ್ಲೇ ಇನ್ಯಾರೋ ಖಾಲಿ ಕೂತಿರಬೇಕು. ಕಾಯುವುದು ಮಾಯವಾಗಿರಲಿಲ್ಲ, ಈ ಬದಿಯಿಂದ ಆ ಬದಿಗೆ ದಾಟಿತ್ತು. ಆ ಬದಿಯಲ್ಲಿ ನನ್ನಪ್ಪ ಇದ್ದ. ನನ್ನ ಕೋಷ್ಟಕದಲ್ಲಿ ಅವನ ಹೆಸರು 'ಬಳಕೆಯಾಗದ ಪೂರೈಕೆ'.

ಅಷ್ಟರಲ್ಲಿ ಮಳೆ ಹನಿಯಿತು. ಅಪ್ಪನ ಫೋನು ಒಂದರ ಮೇಲೊಂದು ಬಡಿದುಕೊಳ್ಳತೊಡಗಿತು. "ಇಷ್ಟೊತ್ತು ಯಾರೂ ಇರ್ಲಿಲ್ಲ, ಈಗ ಎಲ್ಲರಿಗೂ ನಾನೇ ಬೇಕು. ಇಳ್ಕೊಳಮ್ಮ" ಎಂದ. ಟಾರ್ಪಾಲು ಇಳಿಬಿಟ್ಟು ಹೊರಟುಹೋದ.

ನಾನು ಬಸ್ಸಿನಲ್ಲಿ ಹಾಸ್ಟೆಲಿಗೆ ಬಂದೆ. ಆ ರಾತ್ರಿ ಕೋಷ್ಟಕಕ್ಕೆ ಹೊಸ ಕಾಲಂ ಸೇರಿಸಿದೆ: ಡ್ರೈವರ್ ಕಾದ ನಿಮಿಷಗಳು. ಮೂರನೇ ಅಧ್ಯಾಯವನ್ನು ಮೊದಲಿನಿಂದ ಬರೆಯಬೇಕಾಗಿದೆ. ಐದು ವರ್ಷ ಸಾಲುವುದಿಲ್ಲವೇನೋ.