ಬಾಯಿ ಹುಣ್ಣಿಗೆ ಹೆದರಿ ಕರೆಂಟ್ ಬಿಡಬೇಡಿ

ಕುಪ್ಪಳ್ಳಿ ಅಂದರೆ ಹೊರಗಿನವರಿಗೆ ಕುವೆಂಪು ಮನೆ, ಕವಿಶೈಲ. ಆ ಸುತ್ತಿನವರಾದ ನಮಗೆ ಅಡಿಕೆ ತೋಟವೂ ಹೌದು. ನೆಂಟರು ಬಂದರೆ ಮೊದಲು ಮುಂದಿಡುವುದು ಎಲೆಅಡಿಕೆ ತಟ್ಟೆ. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ವರದಿ ಪ್ರಕಟಿಸಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಜಾಸ್ತಿ. ಅಡಿಕೆಯೇ ಅನ್ನ ಕೊಡುವ ಮನೆಯಲ್ಲಿ ಇದನ್ನು ಹೇಳುವುದು ಸುಲಭವಲ್ಲ. ನಮ್ಮ ದೊಡ್ಡಮ್ಮನ ಕೆನ್ನೆಯೊಳಗೆ ಗಡ್ಡೆ ಕಂಡ ಮೇಲೆ ಹೇಳಲೇಬೇಕಾಯಿತು.

ಆಪರೇಷನ್ ಆಯಿತು. ಆಮೇಲೆ ಆರು ವಾರ ಕರೆಂಟ್, ಅಂದರೆ ರೇಡಿಯೇಷನ್. ಮೂರನೇ ವಾರಕ್ಕೆ ಬಾಯಿ ತುಂಬಾ ಹುಣ್ಣು. ಉಗುಳು ನುಂಗಲೂ ಆಗದೆ, “ಸಾಕು ಕಣ್ರೋ, ಮನೆಗೆ ಕರ್ಕೊಂಡ್ ಹೋಗಿ” ಅಂದರು. ನಾವು ಹೆದರಿದ್ದು ಅಲ್ಲೇ. ಕರೆಂಟ್ ನಡುವೆ ನಿಂತರೆ, ಅಳಿದುಳಿದ ಕ್ಯಾನ್ಸರ್ ಮತ್ತೆ ಬೆಳೆಯಲು ದಾರಿಯಾಗುತ್ತದೆ.

ಹುಣ್ಣು ಯಾಕೆ? ಕೀಮೋ, ಕರೆಂಟ್ ಎರಡೂ ಬೇಗ ಬೆಳೆಯುವ ಜೀವಕೋಶಗಳನ್ನು ಸಾಯಿಸುತ್ತವೆ. ಬಾಯೊಳಗಿನ ಪೊರೆಯೂ ಬೇಗ ಬೇಗ ಹೊಸದಾಗುವಂಥದ್ದು, ಅದಕ್ಕೂ ಪೆಟ್ಟು ಬೀಳುತ್ತದೆ. ಕೀಮೋದ ಹುಣ್ಣು ಸಾಮಾನ್ಯವಾಗಿ ವಾರದ ಹೊತ್ತಿಗೆ ಬಂದು ಎರಡು ಮೂರು ವಾರದಲ್ಲಿ ಮಾಯುತ್ತದೆ. ಕರೆಂಟಿನದು ಮುಗಿದ ಮೇಲೂ ಕೆಲವು ವಾರ ಇರುತ್ತದೆ.

ನಾವು ಕಲಿತದ್ದು ಇಷ್ಟು:

• ಚಿಕಿತ್ಸೆಗೆ ಮೊದಲೇ ಹಲ್ಲಿನ ಡಾಕ್ಟರಿಗೆ ತೋರಿಸಿ. ಹುಳುಕು ಹಲ್ಲು ಇದ್ದರೆ ಆಗಲೇ ಸರಿ ಮಾಡಿಸಿ.

• ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ದಿನಾ ನಾಲ್ಕಾರು ಸಲ ಮುಕ್ಕಳಿಸಿ ಉಗುಳಬೇಕು. ದಿನವೂ ಹೊಸದಾಗಿ ಮಾಡಿಕೊಳ್ಳಿ.

• ಬಹಳ ಮೆತ್ತಗಿನ ಬ್ರಷ್ ಸಾಕು. ಉರಿಯುವ, ಸ್ಪಿರಿಟ್ ಇರುವ ಮೌತ್‌ವಾಶ್ ಬೇಡ.

• ಫೈವ್-ಎಫ್‌ಯು ಎಂಬ ಕೀಮೋ ಔಷಧವನ್ನು ಒಮ್ಮೆಗೇ ಇಂಜೆಕ್ಷನ್ ಕೊಡುವಾಗ ಅರ್ಧ ಗಂಟೆ ಐಸ್ ಚೀಪಿದರೆ ಹುಣ್ಣು ಕಡಿಮೆಯಾಗುತ್ತದೆ. ಡಾಕ್ಟರನ್ನು ಕೇಳಿ ಮಾಡಿ.

• ಗಂಜಿ, ರಾಗಿ ಅಂಬಲಿ, ಹಾಲು ಅನ್ನ, ಬೇಯಿಸಿದ ಮೊಟ್ಟೆ, ಎಲ್ಲ ಆರಿದ ಮೇಲೆ. ಖಾರ, ಹುಳಿ ಬೇಡ. ದೊಡ್ಡಮ್ಮನಿಗೆ ಕವಳಕ್ಕಿಂತ ಮಿಡಿ ಉಪ್ಪಿನಕಾಯಿ ಬಿಡುವುದೇ ಕಷ್ಟವಾಯಿತು.

• ನೋವು ತಡೆದುಕೊಂಡು ಕೂರಬೇಡಿ. ಊಟಕ್ಕೆ ಮೊದಲು ಬಾಯಿ ಮರಗಟ್ಟಿಸುವ ಜೆಲ್, ನೋವಿನ ಔಷಧ ಇದೆ. ಕೇಳಿ.

ಜ್ವರ 100.4 ಡಿಗ್ರಿ ದಾಟಿದರೆ, ಬಾಯಲ್ಲಿ ಬಿಳಿ ಪದರ ಕಟ್ಟಿದರೆ, ರಕ್ತ ಬಂದರೆ, ನೀರೂ ಇಳಿಯದಿದ್ದರೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ.

ದೊಡ್ಡಮ್ಮನಿಗೆ ಕೊನೆಯ ಎರಡು ವಾರ ಮೂಗಿನ ನಳಿಕೆಯಲ್ಲಿ ಊಟ. ನೋಡಿದವರು “ಮುಗೀತು” ಅಂದುಕೊಂಡರು. ಆದರೆ ಆ ನಳಿಕೆಯಿಂದಲೇ ಅವರು 30 ಕರೆಂಟೂ ಮುಗಿಸಿದರು.