ಕೈ ಬಿಟ್ಟ ಮೇಲೆ

ಕಡಲೆ ರಾಶಿಯ ಹೊತ್ತಿಗೆ ತಮ್ಮ ಬೆಂಗಳೂರಿನಿಂದ ಅಸೂಟಿಗೆ ಬಂದಾಗ ಅವನ ಮುಖ ಬಾಡಿತ್ತು. ಕೋಣೆಯೊಳಗೇ ಗಾಲ್ಫ್ ಆಡಿಸುವ ಕೇಂದ್ರವೊಂದರಲ್ಲಿ ಅವನಿಗೆ ಕೆಲಸ. ಅಬ್ಬಾನ ಔಷಧಿಗೆ ಆ ಸಂಬಳವೇ ಆಧಾರ.

"ಇನ್ನ ಹೋಗೂದಿಲ್ಲ ಆಪಾ" ಎಂದ.

ಗಿರಾಕಿಯೊಬ್ಬರು ಎಲ್ಲರೆದುರು ಬೈದಿದ್ದರಂತೆ. ಯಂತ್ರ 170 ಗಜ ಎಂದು ತೋರಿಸಿದ ಹೊಡೆತ ಮೈದಾನದಲ್ಲಿ 150ಕ್ಕೇ ನಿಂತಿತಂತೆ. "ಸುಳ್ಳು ಲೆಕ್ಕ ತೋರಿಸಿ ದುಡ್ಡು ಕೀಳುತ್ತೀರಿ" ಎಂಬ ಮಾತು ಅವನನ್ನು ಚುಚ್ಚಿತ್ತು.

ನನಗೆ ಗಾಲ್ಫ್ ಎಂದರೆ ಏನೂ ಗೊತ್ತಿಲ್ಲ. ಬೆಂಗಳೂರಿನಲ್ಲಿ 1876ರಿಂದಲೇ ಗಾಲ್ಫ್ ಕ್ಲಬ್ ಇದೆ ಎಂಬುದೂ ಅವನು ಹೇಳಿಯೇ ತಿಳಿದದ್ದು. "ಹಾಗಾದರೆ ಯಂತ್ರ ಸುಳ್ಳು ಹೇಳುತ್ತದೆಯೇ?" ಎಂದು ಕೇಳಿದೆ.

ಅವನು ವಿವರಿಸಿದ. ಕೋಣೆಯಲ್ಲಿ ಚೆಂಡು ಕೆಲವೇ ಅಡಿ ಹಾರಿ ಪರದೆಗೆ ಬಡಿಯುತ್ತದೆ. ಹೊರಟ ಕ್ಷಣದ ವೇಗ, ಕೋನ, ತಿರುಗುವಿಕೆಯನ್ನು ಅಳೆದು ಉಳಿದ ದಾರಿಯನ್ನು ಯಂತ್ರ ಲೆಕ್ಕ ಹಾಕುತ್ತದೆ. ಅಲ್ಲಿ ನೆಲ ಸಮತಟ್ಟು, ಗಾಳಿಯಿಲ್ಲ. ಕೋಲು ಚೆಂಡಿಗಿಂತ ಒಂದು ಅಂಗುಲ ಹಿಂದೆ ತಗುಲಿದರೂ ಚಾಪೆಯ ಮೇಲೆ ಜಾರಿ ಮುಂದೆ ಹೋಗುತ್ತದೆ. ಮೈದಾನದಲ್ಲಾದರೆ ಮಣ್ಣಿಗೆ ಸಿಕ್ಕಿ ಹೊಡೆತ ಸಾಯುತ್ತದೆ. ಚೆಂಡು ಬಿದ್ದ ಮೇಲೆ ಉರುಳುವ ದೂರವನ್ನೂ ಯಂತ್ರ ಸೇರಿಸಿರಬಹುದು. ಒದ್ದೆ ಹುಲ್ಲಿನಲ್ಲಿ ಅಷ್ಟು ಉರುಳುವುದಿಲ್ಲ. ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು. ಅಲ್ಲಿ 200 ಗಜ ಹಾರುವ ಚೆಂಡು ಮಂಗಳೂರಿನಲ್ಲಿ ಆರೇಳು ಗಜ ಹಿಂದೆಯೇ ಬೀಳುತ್ತದೆ.

ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದ ಅಬ್ಬಾ ನಕ್ಕರು. ಹಿಂದೆ ಜೋಳದ ಹೊಲದಲ್ಲಿ ಅಟ್ಟಣಿಗೆ ಹತ್ತಿ ಕವಣೆ ಬೀಸಿ ಹಕ್ಕಿ ಓಡಿಸಿದವರು ಅವರು.

"ಬೀಸೂದಷ್ಟ ನಮ್ಮ ಕೈಯಾಗ ಐತಿ. ಕೈ ಬಿಟ್ಟ ಮ್ಯಾಲ ಕಲ್ಲು ಗಾಳಿ ಮಾತು ಕೇಳತೈತಿ. ನೀ ಅವರಿಗೆ ಇದನ್ನ ಮೊದಲ ಹೇಳಿದ್ದಿ ಏನು?"

ತಮ್ಮ ತಲೆ ತಗ್ಗಿಸಿದ. ಹೇಳಿರಲಿಲ್ಲ. ದೊಡ್ಡ ಅಂಕಿ ಕಂಡರೆ ಗಿರಾಕಿಗಳು ಖುಷಿಪಡುತ್ತಾರೆಂದು ಸುಮ್ಮನಿದ್ದ.

ನನ್ನ ಮನಸ್ಸು ಮಗಳ ಕಡೆ ಹೋಯಿತು. ಮನೆಯಲ್ಲಿ ಪುಸ್ತಕ ಪಕ್ಕದಲ್ಲಿಟ್ಟು ಬರೆದ ಉತ್ತರಕ್ಕೆ ನಾನೇ ಧಾರಾಳವಾಗಿ ಅಂಕ ಕೊಟ್ಟಿದ್ದೆ. ಶಾಲೆಯ ಪರೀಕ್ಷೆಯಲ್ಲಿ ಕಡಿಮೆ ಬಂದಾಗ ಬೈದದ್ದು ಮಾತ್ರ ಅವಳನ್ನು.

ತಮ್ಮ ಮರುವಾರ ಕೆಲಸಕ್ಕೆ ಮರಳಿದ. ಈಗ ಆಟಕ್ಕೆ ಮೊದಲೇ ಎಲ್ಲರಿಗೂ ಹೇಳುತ್ತಾನಂತೆ: "ಇದು ಗಾಳಿಯಿಲ್ಲದ ಕೋಣೆಯ ಲೆಕ್ಕ. ಮೈದಾನದ ದೂರವನ್ನು ಮೈದಾನದಲ್ಲೇ ಅಳೆದು ಬರೆದಿಟ್ಟುಕೊಳ್ಳಿ."

ಬೈದಿದ್ದ ಗಿರಾಕಿಯೂ ಮತ್ತೆ ಬಂದರಂತೆ, ಕೈಯಲ್ಲೊಂದು ಪುಟ್ಟ ಪುಸ್ತಕ ಹಿಡಿದು.